ಮುರಿದ ಸೂಜಿಯವರಿಗೆ, ಮೊಸರಿನ ಮುಚ್ಚಳದ ವಿಚಾರವಾಗಿ

ಗೆ,
ಶ್ರೀಮಾನ್ ಕಿರಿಮೂಗಿನ ಸೂಜಿಯವರು,
ಸದ್ಯದ ವಾಸ್ತವ್ಯ: ಬೆಂಕಿಪೆಟ್ಟಿಗೆ, ಹತ್ತಿಯ ಹಾಸಿಗೆಯ ಮೇಲೆ,
ಮಗ್ಗದ ಕೋಣೆಯ ಗೂಡು, ಗಜೇಂದ್ರಗಡ.

ಮಾನ್ಯರೇ,

ತಮ್ಮ ಚರಣಕ್ಕೆ, ಎಂದರೆ ತಮಗಿರುವ ಒಂದೇ ಒಂದು ಚರಣಕ್ಕೆ, ಅನಂತ ನಮಸ್ಕಾರಗಳು. ಪದ್ಧತಿಯಂತೆ ಇತ್ತ ನಾವೆಲ್ಲ ಕ್ಷೇಮ, ಅತ್ತ ತಮ್ಮ ಕ್ಷೇಮಕ್ಕೆ ಬರೆಯುವುದು ಎಂದು ಆರಂಭಿಸಬೇಕಾಗಿತ್ತು. ಆದರೆ ತಮ್ಮ ಮೂಗು ಒಂದು ಮೂಲೆಯಲ್ಲಿಯೂ ಮೈ ಇನ್ನೊಂದು ಮೂಲೆಯಲ್ಲಿಯೂ ಬಿದ್ದಿರುವುದನ್ನು ಈಗಷ್ಟೇ ಬೆಂಕಿಪೆಟ್ಟಿಗೆ ತೆರೆದು ನೋಡಿ ಬಂದವನಾದ್ದರಿಂದ ಆ ಪ್ರಶ್ನೆ ಕೇಳಿ ತಮ್ಮನ್ನು ನೋಯಿಸಲಾರೆ. ಇಂಥ ಮಾತನ್ನು ಖಾಸಗಿಯಾಗಿ ಆಡಬಹುದಿತ್ತಲ್ಲ, ಬಹಿರಂಗ ಪತ್ರವೇಕೆ ಎಂದು ತಾವು ಕೇಳಬಹುದು. ರೋಣ, ನರಗುಂದ, ಗಜೇಂದ್ರಗಡ ಮೂರೂ ಊರಿನ ಚಹಾದಂಗಡಿಗಳಲ್ಲಿ ಈ ವಿಷಯ ನನ್ನ ಹೆಸರಿನ ಜೊತೆಗೆ ಈಗಾಗಲೇ ಕುದಿಯುತ್ತಿರುವಾಗ ಗುಟ್ಟು ಮಾಡಲು ಹೋಗುವುದು ಪಂಕ್ತಿಯಲ್ಲಿ ಕೂತು ಸದ್ದಿಲ್ಲದೆ ಹಪ್ಪಳ ತಿನ್ನಲು ಹೊರಟಂತೆ.

ತಮ್ಮ ನೆನಪಿಗಾಗಿ ನನ್ನ ಪರಿಚಯ ಹೇಳಿಕೊಳ್ಳುತ್ತೇನೆ. ನಾನು ಶರತ, ಗಜೇಂದ್ರಗಡದಲ್ಲಿ ಕೈಮಗ್ಗದ ಸೀರೆ ನೇಯುವ ಪರಪ್ಪನವರ ಮಗ, ಉದ್ಯೋಗದಿಂದ ಡಿಜೆ. ಈ ಭಾಗದಲ್ಲಿ ಡಿಜೆ ಎಂದರೆ ಟ್ರ್ಯಾಕ್ಟರಿನ ಮೇಲೆ ಗೋಡೆಯಷ್ಟು ಎತ್ತರಕ್ಕೆ ಸ್ಪೀಕರು ಕಟ್ಟಿ, ಪೆನ್‌ಡ್ರೈವ್ ಚುಚ್ಚಿ, ತಾನು ಪಕ್ಕದಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುವವನು ಎಂದು ಅರ್ಥ. ನಾನು ಹಾಗಲ್ಲ, ಎರಡು ಟರ್ನ್‌ಟೇಬಲ್ ಇಟ್ಟು, ಅವುಗಳ ಮೇಲೆ ಗ್ರಾಮಫೋನಿನ ಹಾಗೆ ಸೂಜಿ ಊರಿದ ಪ್ಲೇಟು ತಿರುಗಿಸಿ, ಬೆರಳಿನಿಂದ ಅದನ್ನು ಹಿಂದೆ ಮುಂದೆ ಉಜ್ಜಿ ಒಂದು ಹಾಡಿಗೆ ಇನ್ನೊಂದನ್ನು ಕೂಡಿಸುವವನು. ಇದರಿಂದ ಹಾಡಿಗೆ ಏನು ಲಾಭ ಎಂದು ಕೇಳಿದವರಿಗೆಲ್ಲ ನಾನು ನಗುತ್ತ ಉತ್ತರ ತಪ್ಪಿಸಿದ್ದೇನೆ. ತಮ್ಮನ್ನು ಆರಿಸಿ ತಂದದ್ದೂ ಈ ಸೊಕ್ಕಿನಲ್ಲಿಯೇ.

ಆ ಆಯ್ಕೆಯ ರೀತಿಯನ್ನು ನೆನೆದರೆ, ನಮ್ಮ ಕಡೆ ಹೆಣ್ಣು ನೋಡುವ ಶಾಸ್ತ್ರ ಎಷ್ಟೋ ಲಗುಬಗೆಯದು ಎನಿಸುತ್ತದೆ. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ, ಹುಬ್ಬಳ್ಳಿಯ ಅಂಗಡಿಯವನಿಗೆ ಫೋನು ಮಾಡಿ ಮಾಡಿ ನಾನು ತಿಳಿದುಕೊಂಡದ್ದೇನೆಂದರೆ, ಸೂಜಿಗಳಲ್ಲಿ ಮೊಂಡುಮೂಗಿನವರು, ಕಿರಿಮೂಗಿನವರು ಎಂದು ಎರಡು ಕುಲ. ಮೊಂಡುಮೂಗಿನವರ ತುದಿ ದುಂಡಗೆ, ಊರುವ ಭಾರ ಹೆಚ್ಚು. ಪ್ಲೇಟನ್ನು ಎಷ್ಟು ಉಜ್ಜಿದರೂ, ಪಕ್ಕದಲ್ಲಿ ಎಷ್ಟು ಕುಣಿದರೂ ಹೂಡಿದ ಎತ್ತಿನ ಹಾಗೆ ಸಾಲು ಬಿಟ್ಟು ಕದಲುವುದಿಲ್ಲ, ಆದರೆ ನಡೆದಲ್ಲೆಲ್ಲ ಸಾಲನ್ನು ಕೆರೆದು ಸವೆಸಿಬಿಡುತ್ತಾರೆ. ತಮ್ಮಂಥ ಕಿರಿಮೂಗಿನವರು ಹಗುರ, ನಯ. ಸಾಲಿನ ಸಂದಿಗೊಂದಿಯ ದನಿಯನ್ನೂ ಎತ್ತಿ ಕೊಡುತ್ತಾರೆ, ಪ್ಲೇಟಿಗೆ ನೋವಾಗದಂತೆ ನಡೆಯುತ್ತಾರೆ, ಆದರೆ ಮಗ್ಗುಲಲ್ಲಿ ಯಾರಾದರೂ ಕೆಮ್ಮಿದರೂ ಹಾರುತ್ತಾರೆ. ನಮ್ಮ ಮನೆಯಲ್ಲಿ ಟರ್ನ್‌ಟೇಬಲಿಗೆ ಜಾಗ ಸಿಕ್ಕಿದ್ದು ಮಗ್ಗದ ಕೋಣೆಯಲ್ಲಿ. ಅಪ್ಪ ಒಂದೊಂದು ಎಳೆ ಕೂರಿಸಲು ಫಣಿ ಬಡಿದಾಗಲೂ ತಾವು ಒಂದೊಂದು ಸಾಲು ಜಿಗಿದು, ಸೀರೆ ಒಂದು ಗೇಣು ಬೆಳೆಯುವುದರೊಳಗೆ ಇಡೀ ಪ್ಲೇಟು ದಾಟಿ ನಡುವಿನ ಕಾಗದದ ಮೇಲೆ ಹೋಗಿ ಕೂರುತ್ತಿದ್ದಿರಿ. ಅಪ್ಪ ಒಮ್ಮೆ ಕೈ ನಿಲ್ಲಿಸಿ, "ನಿನ್ನ ಸೂಜಿ ನಿಂದ್ರಬೇಕಂದ್ರ ನನ್ನ ಮಗ್ಗ ನಿಂದ್ರಬೇಕು, ಮಗ್ಗ ನಿಂತ್ರ ಒಲಿ ನಿಂದರತೈತಿ. ಯಾವುದು ಬೇಕು ಆರಸ್ಕೊ" ಎಂದರು. ನಾನು ಊಟವನ್ನು ಆರಿಸಿಕೊಂಡು, ಅಭ್ಯಾಸವನ್ನು ಅಪ್ಪ ಸಂತೆಗೆ ಹೋಗುವ ದಿನಕ್ಕೆ ಮುಂದೂಡಿದೆ.

ಇನ್ನು ಕಂಟ್ರೋಲ್ ಪ್ಲೇಟಿನ ವಿಚಾರ. ತಮಗೆ ಗೊತ್ತಿರುವಂತೆ ಅದರಲ್ಲಿ ಹಾಡೇ ಇರುವುದಿಲ್ಲ, ಇರುವುದು ಉದ್ದಾನುದ್ದ ಒಂದು ಸೀಟಿ ಮಾತ್ರ. ಸೂಜಿಯು ಆ ಸೀಟಿಯನ್ನು ಓದಿ, ಪ್ಲೇಟು ಎತ್ತ ತಿರುಗುತ್ತಿದೆ, ಎಷ್ಟು ಜೋರಾಗಿ ತಿರುಗುತ್ತಿದೆ ಎಂದು ಲ್ಯಾಪ್‌ಟಾಪಿಗೆ ವರದಿ ಒಪ್ಪಿಸುತ್ತದೆ. ಲ್ಯಾಪ್‌ಟಾಪು ತನ್ನ ಹೊಟ್ಟೆಯೊಳಗಿನ ಹಾಡನ್ನು ಅದಕ್ಕೆ ತಕ್ಕಂತೆ ನಡೆಸುತ್ತದೆ. ಇಂಥ ಗುಮಾಸ್ತಿಕೆಗೆ ನಯ ನಾಜೂಕು ಬೇಕಿಲ್ಲ, ಗಟ್ಟಿಯಾಗಿ ಕೂರುವವರು ಸಾಕು, ಮೊಂಡುಮೂಗಿನವರೇ ತಕ್ಕವರು ಎಂದು ಗೊತ್ತಿದ್ದರೂ ತಮ್ಮ ಚೆಲುವಿಗೆ ಮರುಳಾಗಿ ನರಗುಂದದ ಮೆರವಣಿಗೆಯೊಂದರಲ್ಲಿ ತಮ್ಮನ್ನೇ ಆ ಪ್ಲೇಟಿನ ಮೇಲೆ ಕೂರಿಸಿದೆ. ಮದುಮಗನ ಗೆಳೆಯರು ಮೊದಲ ಹೆಜ್ಜೆ ಹಾಕಿದ್ದೇ ತಡ, ತಾವು ಹಾಡಿನ ಆರಂಭದಿಂದ ನೇರವಾಗಿ ಮುಕ್ತಾಯಕ್ಕೆ ಹಾರಿದಿರಿ. ಅವರು ಎತ್ತಿದ ಕಾಲು ನೆಲಕ್ಕೆ ಇಳಿಯುವುದರೊಳಗೆ ಹಾಡು ಮುಗಿದಿತ್ತು. ಪುರ್ತಗೇರಿಯ ತೊಟ್ಟಿಲ ಕಾರ್ಯಕ್ರಮದಲ್ಲಿ ನಾನು ಗುಂಡಿ ತಪ್ಪಿ ಒತ್ತಿ, ಹಾಡಿನ ಬದಲು ಆ ಬರಿಯ ಸೀಟಿಯೇ ಸ್ಪೀಕರಿನಿಂದ ಹೊರಟಾಗ, ತಾವು ಅದನ್ನು ಎಷ್ಟು ಸ್ಪಷ್ಟವಾಗಿ ಒಪ್ಪಿಸಿದಿರೆಂದರೆ ಬಂದಿದ್ದ ಹೆಂಗಸರಲ್ಲಿ ಅರ್ಧ ಜನ ಕುಕ್ಕರು ಇಳಿಸಲು ಮನೆಗೆ ಓಡಿದರು. ಇಷ್ಟಾದರೂ ನಾನು ತಮ್ಮ ಮೇಲೆ ದೂರು ಬರೆಯಲಿಲ್ಲ. ಅಂದಿನಿಂದ ಕುಣಿತಕ್ಕೂ ಸೀಟಿಗೂ ಮೊಂಡುಮೂಗಿನವರನ್ನು ನೇಮಿಸಿ, ನಿಜವಾದ ಹಾಡಿರುವ ನಿಜವಾದ ಪ್ಲೇಟು ಸಿಕ್ಕಾಗ ಮಾತ್ರ ಕರೆಯುವುದೆಂದು ತಮ್ಮನ್ನು ಡಬ್ಬಿಯಲ್ಲಿ ಗೌರವದಿಂದ ಇರಿಸಿದೆ.

ಅಂಥ ಪ್ಲೇಟು ಸಿಕ್ಕಿದ್ದು ರೋಣದಲ್ಲಿ, ಕಡಲೆ ಮತ್ತು ಹತ್ತಿಯ ದೊಡ್ಡ ವ್ಯಾಪಾರಿ ಮಹಾಲಿಂಗಪ್ಪನವರ ಮಗಳು ಶಾಂಭವಿಯ ಅರಿಶಿನದ ದಿನ. ಸಂಜೆಯ ಹಾಡು ಕುಣಿತಕ್ಕೆಂದು ನಾನು ಮಧ್ಯಾಹ್ನವೇ ಹೋಗಿ ಮನೆಯ ಮುಂದಿನ ಹಂದರದಲ್ಲಿ ಸಾಮಾನು ಹೂಡಿದ್ದೆ. ಮಹಾಲಿಂಗಪ್ಪನವರು ಕಂಟ್ರೋಲ್ ಪ್ಲೇಟನ್ನು ಬಹಳ ಹೊತ್ತು ನೋಡಿ, ಅದರಲ್ಲಿ ಹಾಡಿಲ್ಲವೆಂದು ನನ್ನಿಂದ ತಿಳಿದು, "ಹಾಡ ಇಲ್ಲಂದ್ರ ಅದು ಯಾಕ ತಿರಗತೈತಿ?" ಎಂದು ಕೇಳಿದರು. ಕೇಳಿದವರೇ, ಬೆಳಗಿನಿಂದ ಯಾವ ಕೆಲಸವನ್ನೂ ಮುಟ್ಟದೆ ಹಂದರದ ತುಂಬ ಗಡಿಬಿಡಿಯಿಂದ ಸುತ್ತುತ್ತಿದ್ದ ಭಾವಮೈದುನನ ಕಡೆಗೆ ಒಮ್ಮೆ ನೋಡಿ, ಅರ್ಥವಾಯಿತು ಎಂಬಂತೆ ತಲೆಯಾಡಿಸಿದರು.

ಆ ಹೊತ್ತಿಗೆ ಒಳಗಿನಿಂದ ಅವರ ತಾಯಿ ಕಳಕವ್ವನವರು ಬಂದರು. ತಿರುಗುವ ಪ್ಲೇಟು ಕಂಡು ನಿಂತು, "ಇದು ನಮ್ಮ ಮೊಸರಿನ ಮುಚ್ಚಳ ಇದ್ದಂಗ ಐತಲ್ಲೋ ತಮ್ಮಾ" ಎಂದವರೇ ಅಡಿಗೆ ಮನೆಗೆ ಹೋಗಿ, ಗಡಿಗೆಯ ಮೇಲಿನಿಂದ ತೆಗೆದು ಸೆರಗಿನಲ್ಲಿ ಒರೆಸುತ್ತ ತಂದದ್ದು ಗೇಣಗಲದ ಒಂದು ಹಳೆಯ ಹಾಡಿನ ಪ್ಲೇಟು. ಅವರು ಅಬ್ಬಿಗೇರಿಯ ಹುಡುಗಿಯಾಗಿದ್ದಾಗ ಸೋಬಾನೆ ಹಾಡುವ ಗುಂಪಿನಲ್ಲಿದ್ದರಂತೆ. ಯಾರೋ ಹುಬ್ಬಳ್ಳಿಗೆ ಕರೆದೊಯ್ದು ಹಾಡಿಸಿ ಇದನ್ನು ಮಾಡಿಸಿದರಂತೆ. ಪ್ಲೇಟು ತಯಾರಾಗಿ ಊರಿಗೆ ಬರುವುದರೊಳಗೆ ಅವರ ಮದುವೆಯಾಗಿ ರೋಣಕ್ಕೆ ಬಂದಿದ್ದರಂತೆ. ಗಂಡನ ಮನೆಯಲ್ಲಿ ಅದನ್ನು ಹಾಡಿಸುವ ಯಂತ್ರ ಇರಲಿಲ್ಲ, ಮೊಸರಿನ ಗಡಿಗೆಗೆ ಮುಚ್ಚಳವೂ ಇರಲಿಲ್ಲ. ಅಳತೆ ಸರಿಹೋಯಿತು, ನಡುವಿನ ತೂತಿನಿಂದ ಗಾಳಿಯೂ ಆಡಿತು. "ಇದರಾಗ ನಾ ಹಾಡೇನಿ. ಖರೇ ಹೇಳಬೇಕಂದ್ರ ನಾ ಒಂದ ಸಲನೂ ಕೇಳಿಲ್ಲ" ಎಂದು ಅವರು ಹೇಳಿದ್ದು ಮೊಸರು ತುಸು ಹುಳಿಯಾಗಿದೆ ಎನ್ನುವಷ್ಟು ಸಲೀಸಾಗಿ. ಆದರೆ ಆ ಮಾತು ಕೇಳಿದ ಶಾಂಭವಿ ಸುಮ್ಮನಾಗಲಿಲ್ಲ. ನಾಳೆ ಅಕ್ಷತೆ ಬಿದ್ದ ಮೇಲೆ ತಾನು ಗಂಡನ ಊರಿಗೆ ಹೋಗುವವಳು, ಅಜ್ಜಿಯ ಮಗ್ಗುಲಲ್ಲಿ ಕೂತು ಅಜ್ಜಿಯ ಹಾಡು ಕೇಳುವುದಾದರೆ ಅದು ಈ ಸಂಜೆಯೇ ಎಂದು ಹಟ ಹಿಡಿದಳು.

ಮಾನ್ಯರೇ, ತಾವು ಹುಟ್ಟಿದ್ದೇ ಈ ದಿನಕ್ಕಾಗಿ ಎಂದು ನನಗೆ ಅನಿಸಿತು. ಪ್ಲೇಟಿನ ಮೇಲೆ ಇಡೀ ಸಂಸಾರದ ಗೀರುಗಳಿದ್ದವು, ಬೆಕ್ಕಿನ ಉಗುರಿನ ಗುರುತೂ ಇತ್ತು. ಮೊಂಡುಮೂಗಿನವರನ್ನು ಅದರ ಮೇಲೆ ಬಿಟ್ಟರೆ ಉಳಿದಷ್ಟು ದನಿಯನ್ನೂ ಕೆರೆದು ಹಾಕುತ್ತಾರೆ. ಅದು ಮೊದಲನೆಯ ಕೇಳಿಕೆಯೂ ಕೊನೆಯ ಕೇಳಿಕೆಯೂ ಆಗುತ್ತದೆ ಎಂದು ನಾನು ಎಲ್ಲರಿಗೂ ಬಿಡಿಸಿ ಹೇಳಿ, ಪ್ಲೇಟನ್ನು ತೊಳೆದು ಒಣಗಿಸಿ, ಡಬ್ಬಿ ತೆರೆದು ತಮ್ಮನ್ನು ಹೆಮ್ಮೆಯಿಂದ ಹೊರಗೆ ತಂದು ಹಚ್ಚಿದೆ. ಸೂಜಿ ಆರಿಸಲು ಸುರಿದ ನನ್ನ ಬುದ್ಧಿಗೆ ಇಷ್ಟು ದಿನಕ್ಕೆ ಒಂದು ಅರ್ಥ ಬಂತೆಂದು ಹಿಗ್ಗಿದೆ. ಆಗ ತಾವು ಮಾಡಿದ್ದೇನು? ಸುಗ್ಗಿಯ ಕಾಲದ ರೋಣದ ಗಾಳಿಯಲ್ಲಿ ಹಾರಾಡುತ್ತಿದ್ದ ಹತ್ತಿಯ ನವಿರನ್ನು ಹಿಡಿದು ಮೂಗಿನ ತುದಿಗೆ ಬೆಳ್ಳನೆಯ ಮೀಸೆಯಂತೆ ಅಂಟಿಸಿಕೊಂಡಿರಿ.

ಅದು ಮಹಾಲಿಂಗಪ್ಪನವರ ಕಣ್ಣಿಗೆ ಬಿತ್ತು. ಮಾರುಕಟ್ಟೆಯಲ್ಲಿ ಹತ್ತಿಯ ಅಂಡಿಗೆ, ಮೂಟೆ ಕಂಡಲ್ಲೆಲ್ಲ ಒಂದು ಚಿಟಿಕೆ ಹಿಡಿದು, ಬೆರಳುಗಳ ನಡುವೆ ಎಳೆದು, ಎಳೆಯ ಉದ್ದ ನೋಡಿ ದರ ಕಟ್ಟುತ್ತ ನರೆತ ಮನುಷ್ಯ ಅವರು. ದೇವರ ಮನೆಯ ಬತ್ತಿಯನ್ನೂ ಎಳೆದು ನೋಡದೆ ಹಚ್ಚುವವರಲ್ಲ ಎಂದು ಮನೆಯವರೇ ಹೇಳುತ್ತಾರೆ. ಬೇರೆ ಕಡೆ ಯಾರ ಜೊತೆಗೋ ಮಾತಾಡುತ್ತಲೇ ಅವರು ಕೈ ಚಾಚಿದರು, ಚಿಟಿಕೆ ಹಿಡಿದರು, ಎಳೆದರು. ನವಿರಿನ ಜೊತೆಗೆ ತಮ್ಮ ಮೂಗೂ ಕ್ಷಣದಲ್ಲಿ ಅವರ ಕೈಗೆ ಬಂತು. ಅದನ್ನು ಬೆಳಕಿಗೆ ಹಿಡಿದು, "ಎಳಿ ಭಾಳ ಸಣ್ಣದೈತಿ, ರೇಟ್ ಬರಂಗಿಲ್ಲ" ಎಂದು ತೀರ್ಪು ಕೊಟ್ಟ ಮೇಲೆಯೇ ಅವರಿಗೆ ಎಳೆದದ್ದು ಏನೆಂದು ತಿಳಿದದ್ದು. ನಾನು ಅವರನ್ನು ಬೈಯುವಂತಿರಲಿಲ್ಲ, ಹಂದರ ಅವರದು. ಅವರು ನನ್ನನ್ನು ಬೈಯುವಂತಿರಲಿಲ್ಲ, ಬೆರಳು ಅವರದು. ಹಾಗಾಗಿ ಇಬ್ಬರೂ ಸೇರಿ ಆ ಬಡಪಾಯಿ ಭಾವಮೈದುನನನ್ನು ಬೈದೆವು.

ಓಣಿಯ ಆಚೆ ಬದಿಗೆ ಎದುರಾ ಬದುರಾ ಇರುವುದು ತೌಸೀಫನ ಮನೆ. ಅವನೂ ಪ್ಲೇಟು ತಿರುಗಿಸುವ ಡಿಜೆ, ಈ ಸೀಮೆಯಲ್ಲಿ ನನಗಿರುವ ಒಬ್ಬನೇ ಪ್ರತಿಸ್ಪರ್ಧಿ. ತಮ್ಮ ಕುಲದ, ತಮ್ಮದೇ ಅಚ್ಚಿನ ಸೂಜಿಯೊಂದು ಅವನ ಬಳಿ ಇತ್ತು. ಈ ಮದುವೆ ಅವನ ಕೈತಪ್ಪಿ ನನ್ನ ಪಾಲಿಗೆ ಬಂದದ್ದಾದರೂ, ನನ್ನ ಮುಖ ನೋಡಿ ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಸೂಜಿ ಕೊಡಲು ಕೂಡಲೇ ಒಪ್ಪಿದ. ಆದರೆ ಅಷ್ಟರಲ್ಲಿ ಹೊತ್ತು ಮುಳುಗಿ ಮನೆ ಮನೆಯಲ್ಲೂ ದೀಪ ಹಚ್ಚಿದ್ದರು, ಅವನ ಅಜ್ಜಿ ಕಾಶೀಂಬಿಯವರು ಬಾಗಿಲಲ್ಲಿ ಕೂತಿದ್ದರು. ದೀಪ ಹಚ್ಚಿದ ಮೇಲೆ ಉಪ್ಪು, ಮೊಸರು, ಸೂಜಿ ಹೊಸ್ತಿಲು ದಾಟಬಾರದು, ದಾಟಿದರೆ ಮನೆಯ ಲಕ್ಷಣವೂ ಜೊತೆಗೆ ಹೋಗುತ್ತದೆ ಎಂಬುದು ಈ ಓಣಿಯ ಎರಡೂ ಬದಿಯ ಹಿರಿಯರು ಒಪ್ಪಿಕೊಂಡು ಬಂದ ಕಾಯಿದೆ. ಇದು ಬಟ್ಟೆ ಹೊಲಿಯುವ ಸೂಜಿಯಲ್ಲ, ಹಾಡಿನ ಸೂಜಿ ಎಂದು ತೌಸೀಫ ತಿಳಿಸಿ ಹೇಳಿದ. ಚುಚ್ಚುತ್ತದೋ ಇಲ್ಲವೋ ಎಂದು ಅವರು ಕೇಳಿದರು. ಅವನು ಸೂಜಿಯನ್ನು ಮತ್ತೆ ಡಬ್ಬಿಗೆ ಹಾಕಿದ.

ಮಹಾಲಿಂಗಪ್ಪನವರು ಖುದ್ದಾಗಿ ಹೋಗಿ ಬೇಡಿಕೊಂಡರೂ, ಬೆಳಗ್ಗೆ ಬಂದರೆ ಬೇಕಾದಷ್ಟು ಸೂಜಿ ಒಯ್ಯಬಹುದು ಎಂಬ ಉತ್ತರವೇ ಬಂತು. ಅವರು ಸಿಟ್ಟಿನಿಂದ ಹಂದರಕ್ಕೆ ಮರಳಿ ತಾಯಿಯ ಮುಂದೆ ದೂರು ಹೇಳಿದರೆ ಕಳಕವ್ವನವರು, "ಆಕಿ ಹೇಳೂದು ಖರೇ ಐತಿ. ನಾನಾಗಿದ್ರೂ ಕೊಡತಿದ್ದಿಲ್ಲ" ಎಂದು ಪ್ಲೇಟನ್ನು ಎತ್ತಿಕೊಂಡು ಗಡಿಗೆಯ ಕಡೆಗೆ ಹೊರಟರು. ಶಾಂಭವಿಯ ಕೆನ್ನೆಯ ಅರಿಶಿನದ ಮೇಲೆ ಎರಡು ಗೆರೆ ಇಳಿದವು. ಎದ್ದು ಆಚೆ ಮನೆಗೆ ಹೋಗಿ ಕೇಳೋಣವೆಂದರೆ ಅರಿಶಿನ ಹಚ್ಚಿಸಿಕೊಂಡ ಮದುಮಗಳು ಹಂದರ ಬಿಟ್ಟು ಹೋಗುವಂತಿಲ್ಲ. ಸೂಜಿ ಹೊರಗೆ ಬರುವಂತಿಲ್ಲ, ಮದುಮಗಳು ಹೊರಗೆ ಹೋಗುವಂತಿಲ್ಲ, ನಡುವೆ ಹತ್ತು ಮಾರಿನ ಓಣಿ.

ಇದನ್ನೆಲ್ಲ ಬಾಗಿಲಿನಿಂದಲೇ ನೋಡುತ್ತಿದ್ದ ಕಾಶೀಂಬಿಯವರು ಆಚೆಯಿಂದಲೇ ಕೇಳಿದರು: "ಸೂಜಿ ದಾಟಂಗಿಲ್ಲ ಅಂದೆ. ಹಾಡ ದಾಟಂಗಿಲ್ಲ ಅಂದೆನೇನು?"

ಆಮೇಲೆ ನಾನೂ ತೌಸೀಫನೂ ಹೆಗಲು ಕೊಟ್ಟು, ಪ್ಲೇಟಿನ ಸಮೇತ ಟರ್ನ್‌ಟೇಬಲನ್ನು ಅವನ ಮನೆಯೊಳಗೆ ಒಯ್ದೆವು, ಅವನ ಸೂಜಿಯನ್ನು ಅವನ ಮನೆಯೊಳಗೇ ಹಚ್ಚಿದೆವು, ಅಲ್ಲಿಂದ ಹಂದರದ ಸ್ಪೀಕರಿನವರೆಗೆ ಓಣಿಗೆ ಅಡ್ಡಲಾಗಿ ವೈರು ಎಳೆದೆವು. ವೈರು ತುಳಿದಾರೆಂದು ಭಾವಮೈದುನನನ್ನು ಕಾವಲಿಗೆ ನಿಲ್ಲಿಸಲಾಯಿತು; ಸಿಕ್ಕ ಮೊದಲ ಕೆಲಸವನ್ನು ಆತ ಎಷ್ಟು ಶ್ರದ್ಧೆಯಿಂದ ಮಾಡಿದನೆಂದರೆ ಗದಗಿನ ಬಸ್ಸನ್ನೂ ತಡೆದು ಎಂಜಿನ್ನು ಬಂದ್ ಮಾಡಿಸಿದ. ಕಳಕವ್ವನವರು ಮೊಮ್ಮಗಳ ಮಗ್ಗುಲಲ್ಲಿ ಕೂತರು. ನಾನು ಸೂಜಿ ಇಳಿಸಿದೆ. ಮೊದಲು ಒಗ್ಗರಣೆಯಂಥ ಚಟಪಟ, ಆಮೇಲೆ ಒಂದು ಹುಡುಗಿಯ ದನಿ, ಎಳೆಯ, ತುಸು ಹೆದರಿದ, ನೀರಿನಷ್ಟು ತಿಳಿಯಾದ ದನಿ, ಓಣಿ ದಾಟಿ ಹಂದರದ ತುಂಬ ಹರಡಿತು:

ಅಂಗಾಲಿಗ್ಹತ್ತೀದ ಎರಿಮಣ್ಣ ತೊಳಿಬ್ಯಾಡ,

ಅಲ್ಲಿಗೆ ಬೆಕ್ಕಿನ ಉಗುರಿನ ಗೀರು ಬಂತು. ಸೂಜಿ ಅದನ್ನು ಎಡವಿ ಹಿಂದಿನ ಸಾಲಿಗೆ ಬಿದ್ದು ತೊಳಿಬ್ಯಾಡ, ತೊಳಿಬ್ಯಾಡ, ತೊಳಿಬ್ಯಾಡ ಎಂದು ಅಲ್ಲಿಯೇ ಸುತ್ತತೊಡಗಿತು. ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದವರು, ಸ್ಪೀಕರಿನಲ್ಲಿ ಇಷ್ಟು ಕಟ್ಟುನಿಟ್ಟಾಗಿ ಹೇಳುತ್ತಿದ್ದಾರಲ್ಲ ಎಂದು ಕೈ ತೊಳೆಯುವುದನ್ನೂ ಬಿಟ್ಟು ಹಂದರಕ್ಕೆ ಬಂದರು. ನಾನು ಗಾಬರಿಯಾಗಿ ಸೂಜಿಯನ್ನು ಮುಂದೆ ನೂಕಲು ಕೈ ಚಾಚಿದರೆ ಕಾಶೀಂಬಿಯವರು ನನ್ನ ಮಣಿಕಟ್ಟು ಹಿಡಿದು, ಓಣಿಯ ಆಚೆಗೆ ಗದ್ದ ತೋರಿಸಿದರು.

ಹಂದರದಲ್ಲಿ ಕಳಕವ್ವನವರು ಸ್ಪೀಕರಿನ ಕಡೆಗೆ ಬಾಗಿ, ಪಾಠ ತಪ್ಪಿದ ಮಗುವನ್ನು ನೋಡುವಂತೆ ನೋಡುತ್ತಿದ್ದರು. "ಹುಡುಗಿ ಮರತಾಳ" ಎಂದರು. "ತಡೀರಿ, ನಾ ಹೇಳಿಕೊಡ್ತೀನಿ." ನಡುಗುವ, ಒಡೆದ ದನಿಯಲ್ಲಿ ಆ ಹುಡುಗಿಗೆ ಮುಂದಿನ ಸೊಲ್ಲು ಎತ್ತಿ ಕೊಟ್ಟರು:

ತವರೂರ ಬಂದೈತಿ ಬೆನ್ಹತ್ತಿ.

ಹುಡುಗಿ ತೊಳಿಬ್ಯಾಡ ಎನ್ನುತ್ತಲೇ ಇದ್ದಳು. ಅಜ್ಜಿ ಪ್ರತಿ ಸಲವೂ ಬೇಸರವಿಲ್ಲದೆ ಉಳಿದದ್ದನ್ನು ಹೇಳಿಕೊಡುತ್ತಲೇ ಇದ್ದರು. ಸ್ವಲ್ಪ ಹೊತ್ತಿಗೆ ಹಂದರದ ಹೆಂಗಸರು, ಆಮೇಲೆ ಬಸ್ಸಿನ ಹೆಂಗಸರು ದನಿಗೂಡಿಸಿದರು. ಮರುದಿನ ಶಾಂಭವಿ ಯಾರು ಎಷ್ಟು ಹೇಳಿದರೂ ಕಾಲು ತೊಳೆಯದೆ ಕಾರು ಹತ್ತಿದಳು. ಬೀಗರ ಹೊಸ ಕಾರಿನ ಹಾಸು ಎರೆಮಣ್ಣಿನಿಂದ ಕಪ್ಪಾದದ್ದರ ಬಗ್ಗೆ ಆ ಕಡೆಯಿಂದ ಒಂದು ಮಾತು ಬಂದಿದೆ ಎಂದು ಕೇಳಿದ್ದೇನೆ.

ಇನ್ನು ನನ್ನ ನಮ್ರ ಬೇಡಿಕೆಗಳು. ತಾವು ಮುಂದಿನ ಜನ್ಮದಲ್ಲಿ ಎರಡು ಮೂಗು ಹೊತ್ತು ಹುಟ್ಟಬೇಕು, ಕುಣಿತಕ್ಕೆ ಮೊಂಡು, ಹಾಡಿಗೆ ಕಿರಿದು. ಹತ್ತಿಯ ಸೀಮೆಯಲ್ಲಿ ಮೀಸೆ ಬಿಡುವ ಶೋಕಿ ಬಿಡಬೇಕು. ಸಾಧ್ಯವಾದರೆ ಬೆಕ್ಕಿನೊಂದಿಗೆ ಮಾತಾಡಬೇಕು. ಇದೆಲ್ಲ ಆಗದಿದ್ದರೂ ಒಂದನ್ನು ಮಾತ್ರ ದಯಮಾಡಿ ನಡೆಸಿಕೊಡಬೇಕು: ಅಂದು ಸೂಜಿ ಓದಿದ್ದೆಲ್ಲ ನನ್ನ ಲ್ಯಾಪ್‌ಟಾಪಿಗೂ ಇಳಿದಿದೆ, ಆದರೆ ತೆರೆದು ಕೇಳಿದರೆ ತೊಳಿಬ್ಯಾಡ ಎಂಬುದಷ್ಟೇ ಇದೆ. ಅಜ್ಜಿ ಹೇಳಿಕೊಟ್ಟ ಎರಡನೆಯ ಸೊಲ್ಲು ಯಾವ ಪ್ಲೇಟಿನಲ್ಲೂ ಇಳಿಯದೆ ಹಂದರದ ಗಾಳಿಯಲ್ಲಿ ಹೋಯಿತು. ಅದನ್ನು ಓದಬಲ್ಲ ಸೂಜಿ ತಮ್ಮ ಕುಲದಲ್ಲಿ ಯಾರಾದರೂ ಇದ್ದರೆ ವಿಳಾಸ ತಿಳಿಸಬೇಕು. ಎಷ್ಟೇ ಹಾರುವವರಾದರೂ ನಾನು ಅವರನ್ನೇ ಆರಿಸುತ್ತೇನೆ.

ಬೆಂಕಿಪೆಟ್ಟಿಗೆಯ ಹೊರಗೆ ಕೈಕಟ್ಟಿ ನಿಂತಿರುವ,
ತಮ್ಮ ವಿಶ್ವಾಸಿ,
ಶರತ ಪರಪ್ಪ, ಡಿಜೆ

ತಾ.ಕ.: ತಮ್ಮ ಜಾಗಕ್ಕೆ ಹೊಸ ಸೂಜಿ ತರಿಸಿದ್ದೆ. ಕೊರಿಯರಿನವನು ದೀಪ ಹಚ್ಚುವ ಹೊತ್ತಿಗೆ ಬಂದದ್ದರಿಂದ ನಮ್ಮ ಅವ್ವ ಅವನಿಗೆ ಚಹಾ ಕೊಟ್ಟು ಸೂಜಿಯ ಸಮೇತ ಹಿಂದಕ್ಕೆ ಕಳಿಸಿದ್ದಾಳೆ. ಕಳಕವ್ವನವರು ಹಾಡಿನ ಪ್ಲೇಟನ್ನು ಅರಿವೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟರು, ಗಡಿಗೆಗೆ ಬೇರೆ ಮುಚ್ಚಳ ಬೇಕಾಯಿತು, ಹಾಡಿಲ್ಲದ ಪ್ಲೇಟು ನನ್ನ ಬಳಿ ಸುಮ್ಮನೆ ಬಿದ್ದಿದೆಯಲ್ಲ ಎಂದು ಅದನ್ನು ಕೇಳಿ ಇಸಿದುಕೊಂಡರು. ಅಳತೆ ತುಸು ದೊಡ್ಡದಾದರೂ ಮೊಸರು ಗಟ್ಟಿಯಾಗಿ ಹೆಪ್ಪುಗಟ್ಟುತ್ತಿದೆಯಂತೆ. ಮಹಾಲಿಂಗಪ್ಪನವರು ಕೇಳಿದ ಪ್ರಶ್ನೆಗೂ ಇದರಿಂದ ಉತ್ತರ ಸಿಕ್ಕಂತಾಯಿತು: ಅದು ಈಗ ತಿರುಗುವುದಿಲ್ಲ, ಯಾವ ಮೂಗಿನ ಸೂಜಿಯನ್ನೂ ಕೇಳುವುದಿಲ್ಲ, ಒಂದು ಕೆಲಸಕ್ಕೆ ಮಾತ್ರ ಬಂದಿದೆ.